ಹೀಟರ್ ಇರುವ ಮನೆ ಅಕ್ವೇರಿಯಂನ ನೀರು ಬದಲಿಸುವಾಗ: ಬೆಂಗಳೂರಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ನೀರು ಬದಲಿಸುವ ಆ ಅರ್ಧ ಮುಕ್ಕಾಲು ಗಂಟೆಯಲ್ಲಿ ಅಕ್ವೇರಿಯಂಗೆ ಎರಡು ಕಡೆಯಿಂದ ಅಪಾಯವಿದೆ. ನೀರಿನಲ್ಲಿ ಮುಳುಗಿರುವ ಹೀಟರ್‌ನ ವಿದ್ಯುತ್ತು ಒಂದು. ಹಳೆಯ ನೀರಿಗೂ ಬಕೆಟ್ಟಿನಲ್ಲಿ ತಂದ ಹೊಸ ನೀರಿಗೂ ಇರುವ ಅಂತರ ಇನ್ನೊಂದು. ಮೊದಲನೆಯದು ಕೈ ಹಾಕುವವರ ಜೀವದ ಪ್ರಶ್ನೆ, ಎರಡನೆಯದು ಮೀನುಗಳ ಜೀವದ ಪ್ರಶ್ನೆ. ಎರಡನ್ನೂ ತಡೆಯಲು ದುಬಾರಿ ಉಪಕರಣವೇನೂ ಬೇಡ, ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಮಾಡಿದರೆ ಸಾಕು. ಪ್ಲಗ್ ಎಲ್ಲಕ್ಕಿಂತ ಮೊದಲು ಹೊರಗೆ ಬರಬೇಕು, ಎಲ್ಲಕ್ಕಿಂತ ಕೊನೆಗೆ ಒಳಗೆ ಹೋಗಬೇಕು; ನಡುವೆ ಸುರಿಯುವ ನೀರು ಟ್ಯಾಂಕಿನ ನೀರಿನಷ್ಟೇ ಬೆಚ್ಚಗಿರಬೇಕು ಮತ್ತು ಅದರಲ್ಲಿ ಕ್ಲೋರಿನ್ ಇರಬಾರದು.

ಕೆಳಗಿನ ಲೆಕ್ಕಗಳಿಗೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಟ್ಯಾಂಕನ್ನೇ ಹಿಡಿದಿದ್ದೇನೆ: ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ, ಸಿಹಿನೀರು. ಅದರ ಪೂರ್ಣ ಅಳತೆ ಸುಮಾರು 56 ಲೀಟರ್. ತಳದ ಕಲ್ಲುಮರಳು ಮತ್ತು ಮೇಲೆ ಬಿಡುವ ಖಾಲಿ ಜಾಗವನ್ನು ಕಳೆದು, ಒಳಗಿರುವ ನೀರು 50 ಲೀಟರ್ ಎಂದು ಇಟ್ಟುಕೊಳ್ಳೋಣ.

ನೀರು ತೆಗೆಯುವ ಮೊದಲು ಹೀಟರ್ ಆರಿಸಲೇಬೇಕೇ?

ಹೌದು, ಆರಿಸಲೇಬೇಕು. ಆರಿಸಿದ ಕೂಡಲೇ ನೀರು ತೆಗೆಯಲು ಶುರು ಮಾಡಬಾರದು. ಕನಿಷ್ಠ 15 ನಿಮಿಷ ಕಾಯಬೇಕು. ಗಾಜಿನ ಹೀಟರ್ ತನ್ನೊಳಗಿನ ತಂತಿಯ ಶಾಖವನ್ನು ಸುತ್ತಲಿನ ನೀರಿಗೆ ಬಿಟ್ಟುಕೊಡುತ್ತಲೇ ಇರುವಂತೆ ರೂಪಿಸಿದ ವಸ್ತು. ನೀರಿನ ಮಟ್ಟ ಇಳಿದು ಅದರ ಮೇಲ್ಭಾಗ ಗಾಳಿಗೆ ತೆರೆದುಕೊಂಡರೆ ಶಾಖವನ್ನು ಒಯ್ಯಲು ಅಲ್ಲಿ ನೀರಿರುವುದಿಲ್ಲ, ಗಾಳಿ ಆ ಕೆಲಸವನ್ನು ಅಷ್ಟು ಬೇಗ ಮಾಡಲಾರದು. ಹಾಗಾಗಿ ಗಾಜು ಕೆಲವೇ ನಿಮಿಷಗಳಲ್ಲಿ ವಿಪರೀತ ಬಿಸಿಯಾಗುತ್ತದೆ. ಆಮೇಲೆ ಅದರ ಮೇಲೆ ತಣ್ಣೀರು ಬಿದ್ದರೆ ಬಿಸಿ ಲೋಟಕ್ಕೆ ಐಸ್ ಹಾಕಿದಂತೆಯೇ ಗಾಜು ಸೀಳುತ್ತದೆ.

ಇದು ನನ್ನ ಮನೆಯಲ್ಲೇ ಆಗಿದೆ. ಜನವರಿಯ ಒಂದು ಭಾನುವಾರ ಬೆಳಿಗ್ಗೆ ಸೈಫನ್ ಕೊಳವೆ ಹಾಕಿ ನೀರು ಇಳಿಸುತ್ತಿದ್ದೆ, ಹೀಟರ್‌ನ ಪ್ಲಗ್ ಗೋಡೆಯಲ್ಲೇ ಇತ್ತು. ಮೂರು ಬೆರಳಿನಷ್ಟು ಗಾಜು ನೀರಿನಿಂದ ಹೊರಗೆ ಬಂದಿತ್ತು, ಅದರ ಮೇಲಿದ್ದ ಹನಿಗಳು ಸಣ್ಣಗೆ ಆವಿಯಾಗಿ ಹೋಗುತ್ತಿದ್ದವು. ನಾನು ಅದನ್ನು ನೋಡಿಯೂ ಅದರ ಅರ್ಥ ಗ್ರಹಿಸಲಿಲ್ಲ. ಮೊದಲ ಚೊಂಬು ನೀರು ಸುರಿದಾಗ ಟಿಕ್ ಎಂಬ ಶಬ್ದವಾಯಿತು. ಕಪ್ಪು ಮುಚ್ಚಳದ ಕೆಳಗಿನಿಂದ ಸುರುಳಿ ತಂತಿಯವರೆಗೆ ಕೂದಲೆಳೆಯಂಥ ಗೆರೆ ಮೂಡಿ, ಅದರೊಳಗೆ ನೀರು ನಿಧಾನವಾಗಿ ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು. ಆ ಕ್ಷಣ ನನ್ನ ಕೈ ಚೊಂಬಿನಲ್ಲಿತ್ತು, ಟ್ಯಾಂಕಿನ ನೀರಿನಲ್ಲಿ ಇರಲಿಲ್ಲ. ಅಷ್ಟರಿಂದ ಉಳಿದುಕೊಂಡೆ.

ಹೀಟರ್‌ನ ದೀಪ ಉರಿಯುತ್ತಿಲ್ಲ, ಅಂದರೆ ಅದು ಆರಿಯೇ ಇದೆಯಲ್ಲ?

ಇಲ್ಲ. ನೀರು ನಿಗದಿತ ಉಷ್ಣಾಂಶಕ್ಕೆ ಬಂದಿರುವುದರಿಂದ ಥರ್ಮೋಸ್ಟಾಟ್ ತಾತ್ಕಾಲಿಕವಾಗಿ ತಂತಿಯನ್ನು ಆರಿಸಿದೆ, ಅಷ್ಟೇ. ತಣ್ಣೀರು ಸೋಕಿದ ಮರುಕ್ಷಣ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಆಗ ನಿಮ್ಮ ಕೈ ನೀರಿನಲ್ಲಿರುತ್ತದೆ.

ಸ್ವಿಚ್ ಆರಿಸಿದರೆ ಸಾಲದೇ? ಪ್ಲಗ್ಗನ್ನೇ ಏಕೆ ಕೀಳಬೇಕು?

ಎರಡು ಕಾರಣಗಳಿವೆ. ಹಳೆಯ ಮನೆಗಳ ವೈರಿಂಗ್‌ನಲ್ಲಿ ಕೆಲವೊಮ್ಮೆ ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ತಂತಿಗೆ ಜೋಡಿಸುವ ಬದಲು ಅದು ಮರಳುವ ನ್ಯೂಟ್ರಲ್ ತಂತಿಗೆ ಜೋಡಿಸಿರುತ್ತಾರೆ. ಅಂಥ ಕಡೆ ಸ್ವಿಚ್ ಆರಿದ್ದರೂ ಹೀಟರ್‌ನೊಳಗೆ ಫೇಸ್ ಹಾಗೆಯೇ ನಿಂತಿರುತ್ತದೆ. ಎರಡನೆಯದು ಮನೆಯ ಸಹಜ ಓಡಾಟ. ಮೊಬೈಲ್ ಚಾರ್ಜರ್ ಹಾಕಲು ಬಂದವರು ಪಕ್ಕದ ಸ್ವಿಚ್ಚನ್ನೂ ಒತ್ತಿಬಿಡುತ್ತಾರೆ. ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಟ್ಟರೆ ಯಾರಿಗೂ ಅನುಮಾನವಿರುವುದಿಲ್ಲ. ಹೀಟರ್ ಒಂದೇ ಅಲ್ಲ, ಫಿಲ್ಟರ್, ಏರ್ ಪಂಪ್, ಲೈಟ್ ಎಲ್ಲದರ ಪ್ಲಗ್ಗನ್ನೂ ತೆಗೆದ ಮೇಲೆಯೇ ನೀರಿಗೆ ಕೈ ಹಾಕಬೇಕು.

ಕರೆಂಟ್ ಹೋಗಿರುವ ಹೊತ್ತಿನಲ್ಲೇ ನೀರು ಬದಲಿಸಿಬಿಟ್ಟರೆ ಸುರಕ್ಷಿತವಲ್ಲವೇ?

ಈ ಪ್ರಶ್ನೆಯನ್ನು ಕೇಳುವವರು ಬಹಳ ಮಂದಿ ಇದ್ದಾರೆ, ಅದಕ್ಕಾಗಿಯೇ ಒತ್ತಿ ಹೇಳುತ್ತಿದ್ದೇನೆ: ಪ್ಲಗ್ ಕೀಳದಿದ್ದರೆ ಇದಕ್ಕಿಂತ ಅಪಾಯದ ಸಮಯ ಇನ್ನೊಂದಿಲ್ಲ. ಬೆಸ್ಕಾಂ ಲೈನಿನಲ್ಲಿ ಕರೆಂಟ್ ಯಾವ ಕ್ಷಣದಲ್ಲಾದರೂ ಮರಳಬಹುದು. ಅಪಾರ್ಟ್‌ಮೆಂಟ್ ಆದರೆ ಜನರೇಟರ್ ಅರ್ಧ ನಿಮಿಷದಲ್ಲಿ ಹೊತ್ತಿಕೊಳ್ಳಬಹುದು. ಟ್ಯಾಂಕ್ ಅರ್ಧ ಖಾಲಿಯಾಗಿ, ಹೀಟರ್ ಗಾಳಿಯಲ್ಲಿದ್ದು, ಮೊಣಕೈವರೆಗೆ ಕೈ ನೀರಿನಲ್ಲಿರುವಾಗ ಕರೆಂಟ್ ಬಂದರೆ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಮೀನುಗಳು ಆರಾಮವಾಗಿ ಈಜುತ್ತಿವೆ. ಅಂದಮೇಲೆ ನೀರಿನಲ್ಲಿ ಕರೆಂಟ್ ಇರಲಾರದು, ಅಲ್ಲವೇ?

ಈ ನಂಬಿಕೆಯನ್ನು ದಯವಿಟ್ಟು ಬಿಡಿ. ಗಾಜು ವಿದ್ಯುತ್ತನ್ನು ಹರಿಯಬಿಡುವುದಿಲ್ಲ. ಗಾಜಿನ ಪೆಟ್ಟಿಗೆಯೊಳಗಿನ ನೀರಿಗೆ ಒಡೆದ ಹೀಟರ್‌ನಿಂದ 230 ವೋಲ್ಟ್ ತಗುಲಿದ್ದರೂ ಅದು ನೆಲಕ್ಕೆ ಹರಿದುಹೋಗಲು ದಾರಿ ಇರುವುದಿಲ್ಲ, ಆದ್ದರಿಂದ ಮೀನಿನ ಮೂಲಕ ಗಮನಾರ್ಹವಾಗಿ ಏನೂ ಹರಿಯದೆ ಅದು ಎಂದಿನಂತೆಯೇ ಈಜುತ್ತಿರಬಹುದು. ಆ ದಾರಿಯನ್ನು ಒದಗಿಸುವುದು ಬರಿಗಾಲಿನಲ್ಲಿ ಮೊಸಾಯಿಕ್ ನೆಲದ ಮೇಲೆ ನಿಂತು ಕೈ ಅದ್ದುವ ಮನುಷ್ಯನ ದೇಹ. ಮೀನಿನ ಪಾಡು ನೋಡಿ ನೀರಿನ ಪಾಡನ್ನು ಊಹಿಸಲಾಗದು.

ಹೀಟರ್‌ನಲ್ಲಿ ಬಿರುಕು, ಒಳಗೆ ಮಂಜು ಅಥವಾ ನೀರಿನ ಹನಿ ಕಂಡರೆ, ನೀರು ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನಿಸಿದರೆ, ಮೊದಲು ಮನೆಯ ಮೇನ್ ಆರಿಸಿ. ಆಮೇಲೆ ಒಣಗಿದ ಕೈಯಿಂದ ಪ್ಲಗ್ ಕಿತ್ತು, ಅದರ ನಂತರವೇ ಹೀಟರನ್ನು ಹೊರತೆಗೆಯಿರಿ. ಒಡೆದ ಹೀಟರ್‌ಗೆ ಅಂಟು ಹಾಕಿ ಮತ್ತೆ ಬಳಸುವ ಯೋಚನೆ ಬೇಡ, ಅದನ್ನು ಎಸೆಯುವ ಮೊದಲು ವೈರನ್ನು ಕತ್ತರಿಸಿಬಿಡಿ, ಬೇರೆ ಯಾರೂ ಎತ್ತಿಕೊಂಡು ಬಳಸದಿರಲಿ.

ಪ್ಲಗ್ ಮತ್ತು ವೈರಿಂಗ್ ಹೇಗಿರಬೇಕು?

ಮನೆಯ ಸ್ವಿಚ್‌ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆರುವ ಸ್ವಿಚ್) ಇದೆಯೇ ಎಂದು ನೋಡಿ. ಎಂಸಿಬಿ (ಕರೆಂಟ್ ಮಿತಿಮೀರಿದರೆ ಆರುವ ಸ್ವಿಚ್) ಇದ್ದರೆ ಸಾಕು ಎಂದುಕೊಳ್ಳುವವರಿದ್ದಾರೆ, ಆದರೆ ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಅದು ಬೀಳಲು ಬೇಕಾದ ಕರೆಂಟ್‌ನ ಸಣ್ಣ ಭಾಗವೂ ಹೃದಯವನ್ನು ನಿಲ್ಲಿಸಬಲ್ಲದು. ಆರ್‌ಸಿಸಿಬಿ ಹೋಗುವ ಕರೆಂಟ್‌ಗೂ ಮರಳುವ ಕರೆಂಟ್‌ಗೂ ವ್ಯತ್ಯಾಸ ಕಂಡ ಕೂಡಲೇ ಬೀಳುತ್ತದೆ. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಅದು ಬೀಳುತ್ತಿದೆಯೇ ಎಂದು ಪರೀಕ್ಷಿಸಿ.

ನಮ್ಮಲ್ಲಿ ಮಾರಾಟವಾಗುವ ಅಗ್ಗದ ಹೀಟರ್‌ಗಳಲ್ಲಿ ಅನೇಕವು ಎರಡು ಪಿನ್ನಿನವು, ಅವುಗಳಿಗೆ ಅರ್ಥಿಂಗ್ ಇಲ್ಲ. ಅವನ್ನು ಮೂರು ಪಿನ್ನಿನ ಅಡಾಪ್ಟರ್‌ಗೆ ಸಿಕ್ಕಿಸಿದ ಮಾತ್ರಕ್ಕೆ ಅರ್ಥಿಂಗ್ ಬರುವುದಿಲ್ಲ. ಎಕ್ಸ್‌ಟೆನ್ಶನ್ ಬಾಕ್ಸನ್ನು ಟ್ಯಾಂಕಿನ ಸ್ಟ್ಯಾಂಡ್ ಕೆಳಗೆ ನೆಲದ ಮೇಲೆ ಇಡುವುದು ನಾನು ಕಂಡ ಮನೆಗಳಲ್ಲೆಲ್ಲ ಸಾಮಾನ್ಯವಾದ ತಪ್ಪು. ಸೈಫನ್ ಜಾರಿದರೆ ನೀರು ನೇರವಾಗಿ ಅಲ್ಲಿಗೇ ಹೋಗುತ್ತದೆ. ಬಾಕ್ಸನ್ನು ಗೋಡೆಗೆ, ಟ್ಯಾಂಕಿನಿಂದ ಪಕ್ಕಕ್ಕೆ ಸರಿಸಿ ಜಡಿಯಿರಿ. ಜೊತೆಗೆ, ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋಲುಬಿದ್ದು ಆಮೇಲೆ ಮೇಲೇರಿ ಪ್ಲಗ್‌ಗೆ ಸೇರುವಂತಿರಲಿ. ವೈರಿನ ಮೇಲೆ ಜಾರಿ ಬಂದ ನೀರು ಆ ಜೋಲಿನ ತುದಿಯಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಸಾಕೆಟ್ಟಿಗೆ ಹತ್ತುವುದಿಲ್ಲ. ಖರ್ಚಿಲ್ಲದ ಈ ಏರ್ಪಾಡನ್ನು ಇವತ್ತೇ ಮಾಡಿ.

ಎಷ್ಟು ನೀರು, ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

ಮಿತವಾಗಿ ಮೀನು ಇರುವ, ಫಿಲ್ಟರ್ ನೆಲೆಗೊಂಡಿರುವ ಟ್ಯಾಂಕಿಗೆ ವಾರಕ್ಕೊಮ್ಮೆ ಶೇ 20ರಿಂದ 25 ಸಾಕು. ನಮ್ಮ 50 ಲೀಟರ್ ಟ್ಯಾಂಕಿನಲ್ಲಿ ಅದು 10ರಿಂದ 12 ಲೀಟರ್, ಅಂದರೆ ಒಂದು ಬಕೆಟ್. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ಫಿಲ್ಟರ್‌ನ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ಅಷ್ಟು ವಿಷಕಾರಿಯಲ್ಲ, ಆದರೆ ಗಿಡಗಳು ಹೀರಿಕೊಳ್ಳದೆ ಉಳಿದದ್ದು ಅಲ್ಲೇ ಶೇಖರವಾಗುತ್ತದೆ. ಅದನ್ನು ಹೊರಹಾಕಲೆಂದೇ ನೀರು ಬದಲಿಸುವುದು.

ತಿಂಗಳಿಗೊಮ್ಮೆ ಮೀನುಗಳನ್ನೆಲ್ಲ ಬಕೆಟ್ಟಿಗೆ ಹಾಕಿ, ಟ್ಯಾಂಕನ್ನು ಅಂಗಳಕ್ಕೆ ಒಯ್ದು, ಕಲ್ಲುಗಳನ್ನು ಸೋಪಿನಿಂದ ತಿಕ್ಕಿ, ಪೂರ್ತಿ ಹೊಸ ನೀರು ತುಂಬುವ ಪದ್ಧತಿ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಟ್ಯಾಂಕ್ ಫಳಫಳ ಹೊಳೆಯುತ್ತದೆ, ಮೂರನೇ ದಿನ ಮೀನು ಸಾಯುತ್ತದೆ, ಅಂಗಡಿಯಿಂದ ಹೊಸದು ಬರುತ್ತದೆ. ಮೀನಿಗೆ ಆಯಸ್ಸು ಕಡಿಮೆ ಎಂದು ಎಷ್ಟೋ ಮನೆಗಳಲ್ಲಿ ನಂಬಿರುವುದು ಇದರಿಂದಲೇ. ಟ್ಯಾಂಕಿನ ಕೊಳೆಯ ಜೊತೆಗೆ ಅದನ್ನು ಕಾಯುತ್ತಿದ್ದ ಬ್ಯಾಕ್ಟೀರಿಯಾಗಳೂ ತೊಳೆದುಹೋಗಿರುತ್ತವೆ. ಮೀನುಗಳು ಟ್ಯಾಂಕಿನಲ್ಲೇ ಇರಲಿ, ನೀರಿನ ಒಂದು ಪಾಲು ಮಾತ್ರ ಹೊರಹೋಗಲಿ.

ಆವಿಯಾದಷ್ಟು ನೀರನ್ನು ತುಂಬುತ್ತಲೇ ಇದ್ದೇನೆ. ಅದೇ ಸಾಲದೇ?

ಸಾಲದು. ಹೀಟರ್ ಇರುವ ಟ್ಯಾಂಕಿನಲ್ಲಿ, ಅದರಲ್ಲೂ ಚಳಿಗಾಲದ ಒಣ ಗಾಳಿಯಲ್ಲಿ, ನೀರು ಬೇಗ ಇಂಗುತ್ತದೆ. ಆದರೆ ಆವಿಯಾಗಿ ಹೋಗುವುದು ನೀರು ಮಾತ್ರ, ಲವಣಗಳು ಮತ್ತು ನೈಟ್ರೇಟ್ ಒಳಗೇ ಉಳಿಯುತ್ತವೆ. ಅದರ ಮೇಲೆ ಗಡಸು ನೀರನ್ನೇ ತುಂಬುತ್ತಾ ಹೋದರೆ ಲವಣ ಏರುತ್ತಲೇ ಇರುತ್ತದೆ. ಗಾಜಿನ ಮೇಲಂಚಿನಲ್ಲಿ ಕಾಣುವ ಬಿಳಿ ಗೆರೆ ಅದರದೇ ಗುರುತು. ಒಂದು ಮಾತು ಇಲ್ಲಿ ಸೇರಿಸಬೇಕು: ವಾರಗಟ್ಟಲೆ ನೀರು ತುಂಬದೆ ಬಿಟ್ಟರೆ ಮಟ್ಟ ಹೀಟರ್‌ನ ಕನಿಷ್ಠ ಗುರುತಿಗಿಂತ ಕೆಳಗೆ ಇಳಿದು, ಯಾರೂ ಮುಟ್ಟದೆಯೇ ಅದು ಒಡೆಯಬಹುದು. ಹಬ್ಬಕ್ಕೆ ಊರಿಗೆ ಹೋಗುವಾಗ ಇದನ್ನು ನೋಡಿಕೊಂಡು ಹೊರಡಿ.

ಕಾವೇರಿ ನೀರನ್ನು ನಲ್ಲಿಯಿಂದ ನೇರವಾಗಿ ಹಾಕಬಹುದೇ?

ಹಾಕಬಾರದು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಸುಮಾರು 100 ಕಿ.ಮೀ. ಕೊಳವೆಯಲ್ಲಿ ಬರುವ ನೀರಿನಲ್ಲಿ ದಾರಿಯುದ್ದಕ್ಕೂ ರೋಗಾಣು ಬೆಳೆಯದಂತೆ ಕ್ಲೋರಿನ್ ಉಳಿದಿರಲೇಬೇಕು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಕನಿಷ್ಠ ಪ್ರಮಾಣವೇ ಲೀಟರಿಗೆ 0.2 ಮಿ.ಗ್ರಾಂ. ನಮ್ಮನ್ನು ಕಾಯುವ ಆ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ, ಫಿಲ್ಟರ್‌ನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ.

ಇದಕ್ಕೆ ಎರಡು ದಾರಿಗಳಿವೆ. ಅಗಲ ಬಾಯಿಯ ಡ್ರಮ್ಮಿನಲ್ಲಿ ನೀರು ಹಿಡಿದು, ಅದರಲ್ಲಿ ಏರ್ ಸ್ಟೋನ್ (ಏರ್ ಪಂಪ್‌ನ ಕೊಳವೆ ತುದಿಗೆ ಸಿಕ್ಕಿಸುವ, ಗುಳ್ಳೆ ಬಿಡುವ ಕಲ್ಲು) ಬಿಟ್ಟು 24 ಗಂಟೆ ಗುಳ್ಳೆಯಾಡಿಸುವುದು ಒಂದು. ಬಿಗಿ ಮುಚ್ಚಳ ಹಾಕಿದರೆ ಕ್ಲೋರಿನ್ ಹೊರಹೋಗುವುದಿಲ್ಲ, ತೆರೆದೇ ಇಟ್ಟರೆ ಡೆಂಗೆ ಸೊಳ್ಳೆಗೆ ಮೊಟ್ಟೆಯಿಡಲು ಜಾಗವಾಗುತ್ತದೆ. ಹಾಗಾಗಿ ತೆಳುವಾದ ಹತ್ತಿ ಬಟ್ಟೆಯನ್ನು ಬಾಯಿಗೆ ಬಿಗಿದು ಕಟ್ಟಿ. ಇನ್ನೊಂದು ದಾರಿ ಆಂಟಿ ಕ್ಲೋರಿನ್, ಅಂದರೆ ಸೋಡಿಯಂ ಥಯೋಸಲ್ಫೇಟ್. ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಲಿನ ಮೀನಿನ ಅಂಗಡಿಗಳಿಂದ ಹಿಡಿದು ಬಡಾವಣೆಯ ಸಣ್ಣ ಅಂಗಡಿಯವರೆಗೆ ಎಲ್ಲ ಕಡೆ ಇದು ಹನಿಗಳ ಬಾಟಲಿಯಾಗಿ ಸಿಗುತ್ತದೆ, ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಬಾಟಲಿಯ ಮೇಲಿನ ಅಳತೆಯಂತೆ ಬಕೆಟ್ಟಿಗೇ ಹಾಕಿ ಕಲಕಿ, ಟ್ಯಾಂಕಿಗಲ್ಲ. ಅಂಗಡಿಗಳಲ್ಲಿ ಪಕ್ಕದಲ್ಲೇ ಇರುವ ಕಡುನೀಲಿ ಬಾಟಲಿ ಮೆಥಿಲೀನ್ ಬ್ಲೂ. ಅದು ರೋಗಕ್ಕೆ ಹಾಕುವ ಔಷಧ. ಎರಡನ್ನೂ ಒಂದೇ ಎಂದು ತಿಳಿದು ಪ್ರತಿ ವಾರ ನೀಲಿ ಹನಿ ಹಾಕುವವರಿದ್ದಾರೆ. ಅದರಿಂದ ಕ್ಲೋರಿನ್ ಹೋಗದು, ಬದಲಿಗೆ ಫಿಲ್ಟರ್‌ನ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಬೀಳುತ್ತದೆ.

ಸಂಪಿನಲ್ಲಿ ನಿಂತ ನೀರಿನಲ್ಲಿ ಕ್ಲೋರಿನ್ ಕಡಿಮೆಯಾಗಿರುತ್ತದೆ ಎಂಬುದು ನಿಜ. ಆದರೆ ಎರಡು ಮೂರು ದಿನಕ್ಕೊಮ್ಮೆ ನೀರು ಬಿಡುವ ಬಡಾವಣೆಗಳಲ್ಲಿ, ನೀರು ಬಂದ ದಿನದ ಸಂಪು ಹಿಂದಿನ ದಿನದ ಸಂಪಿನಂತಿರುವುದಿಲ್ಲ. ಅಂದಾಜಿನ ಮೇಲೆ ಮೀನಿನ ಜೀವ ಇಡುವುದಕ್ಕಿಂತ ನಾಲ್ಕು ಹನಿ ಹಾಕುವುದು ಲೇಸು.

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ?

ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇಲ್ಲ ಎಂದು ನಿಶ್ಚಿಂತರಾಗಬೇಡಿ. ನೆಲದಾಳದಿಂದ ಆಗಷ್ಟೇ ಮೇಲೆ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಹೆಚ್ಚು. ಅದನ್ನು ನೇರವಾಗಿ ಸುರಿದರೆ ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತದೆ. ಇಂಗಾಲದ ಡೈ ಆಕ್ಸೈಡ್ ಹೊರಹೋದಂತೆ ಪಿಹೆಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ) ಕೂಡ ಏರುತ್ತದೆ. ಆ ಏರುಪೇರು ಟ್ಯಾಂಕಿನೊಳಗೆ ಆಗುವ ಬದಲು ಡ್ರಮ್ಮಿನಲ್ಲೇ ಆಗಿಹೋಗಲಿ ಎಂದೇ ಒಂದು ದಿನ ಗುಳ್ಳೆಯಾಡಿಸಬೇಕು. ಟ್ಯಾಂಕರ್ ನೀರು ಪ್ರತಿ ಸಲವೂ ಒಂದೇ ಬಾವಿಯದಾಗಿರುವುದಿಲ್ಲ, ಅದಕ್ಕೆ ಬ್ಲೀಚಿಂಗ್ ಪೌಡರ್ ಹಾಕಿರಲೂಬಹುದು. ಆದ್ದರಿಂದ ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಒಂದನ್ನು ಇಟ್ಟುಕೊಂಡು ಪ್ರತಿ ಸಲ ಟ್ಯಾಂಕಿನ ನೀರು, ಬಕೆಟ್ಟಿನ ನೀರು ಎರಡನ್ನೂ ಅಳೆಯಿರಿ. ಅಂತರ ದೊಡ್ಡದಾಗಿದ್ದರೆ ಅಂದು ಶೇ 10 ಮಾತ್ರ ಬದಲಿಸಿ, ಎರಡು ದಿನ ಬಿಟ್ಟು ಮತ್ತೆ ಶೇ 10 ಬದಲಿಸಿ. ಮೀನುಗಳು ಗಡಸು ನೀರಿಗಾದರೂ ಮೃದು ನೀರಿಗಾದರೂ ಒಗ್ಗಿಕೊಳ್ಳುತ್ತವೆ, ಒಂದರಿಂದ ಇನ್ನೊಂದಕ್ಕೆ ಒಂದೇ ಏಟಿಗೆ ಜಿಗಿಯಲಾರವು.

ಆರ್‌ಒ ನೀರು, ಅಪಾರ್ಟ್‌ಮೆಂಟಿನ ಸಾಫ್ಟನರ್ ನೀರು?

ಆರ್‌ಒ ನೀರನ್ನೊಂದೇ ತುಂಬಬೇಡಿ, ಅದರಲ್ಲಿ ಖನಿಜಗಳಿಲ್ಲದೆ ಪಿಹೆಚ್ ನಿಲ್ಲುವುದಿಲ್ಲ. ಗಡಸು ಬೋರ್‌ವೆಲ್ ನೀರಿಗೆ ಅರ್ಧ ಬೆರೆಸಲು ಅದು ಉತ್ತಮ. ಆರ್‌ಒ ಯಂತ್ರ ಹೊರಹಾಕುವ ವ್ಯರ್ಥ ನೀರಿನಲ್ಲಿ ಲವಣ ಮೂಲ ನೀರಿಗಿಂತ ಹೆಚ್ಚು, ಅದು ಟ್ಯಾಂಕಿಗೆ ಬೇಡ. ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ, ಟಿಡಿಎಸ್ ಇಳಿಸುವುದಿಲ್ಲ. ಮೃದು ನೀರು ಬಯಸುವ ಮೀನಿಗೆ ಅದರಿಂದ ಪ್ರಯೋಜನವಿಲ್ಲ. ಇನ್ನು, ಎರಡು ಪೈಪ್‌ಲೈನ್ ಇರುವ ಅಪಾರ್ಟ್‌ಮೆಂಟ್‌ಗಳಲ್ಲಿ ಫ್ಲಶ್‌ಗೆ ಮತ್ತು ತೋಟಕ್ಕೆ ಬರುವುದು ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರಿನ ಘಟಕದಲ್ಲಿ, ಸಂಸ್ಕರಿಸಿದ ನೀರು. ಬಾಲ್ಕನಿಯ ನಲ್ಲಿ ಯಾವ ಲೈನಿನದು ಎಂದು ತಿಳಿದುಕೊಳ್ಳದೆ ಬಕೆಟ್ ತುಂಬಿಸಬೇಡಿ.

ಹೊಸ ನೀರು ಎಷ್ಟು ಬೆಚ್ಚಗಿರಬೇಕು?

ಟ್ಯಾಂಕಿನ ನೀರಿಗಿಂತ ಒಂದು ಡಿಗ್ರಿ ಆಚೀಚೆ, ಹೆಚ್ಚೆಂದರೆ ಎರಡು. ಕೈ ಅದ್ದಿ ನೋಡಿ ಹೇಳುವುದು ನಂಬಲರ್ಹವಲ್ಲ. ಚಳಿಗಾಲದ ಬೆಳಿಗ್ಗೆ ತಣ್ಣಗಾದ ಬೆರಳಿಗೆ 22 ಡಿಗ್ರಿಯೂ ಬೆಚ್ಚಗೇ ಅನ್ನಿಸುತ್ತದೆ. ಬಕೆಟ್ಟಿಗೂ ಒಂದು ಥರ್ಮಾಮೀಟರ್ ಬೇಕು.

ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವದ ಉಷ್ಣಾಂಶ 15, 16 ಡಿಗ್ರಿಗೆ ಇಳಿಯುತ್ತದೆ, ಮಹಡಿಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರೂ ರಾತ್ರಿಯಿಡೀ ತಣಿದಿರುತ್ತದೆ. ನಲ್ಲಿ ನೀರು 20 ಡಿಗ್ರಿ ಇದೆ, ಅಕ್ವೇರಿಯಂ 26ರಲ್ಲಿದೆ ಎಂದುಕೊಳ್ಳಿ. ಕಾಲು ಭಾಗ, ಅಂದರೆ 12.5 ಲೀಟರ್ ಬದಲಿಸಿದರೆ ಇಡೀ ಟ್ಯಾಂಕ್ 24.5ಕ್ಕೆ ಇಳಿಯುತ್ತದೆ, ಅರ್ಧ ಬದಲಿಸಿದರೆ 23ಕ್ಕೆ. ಕಳೆದುಕೊಂಡ ಒಂದೂವರೆ ಡಿಗ್ರಿಯನ್ನು ಮರಳಿ ಪಡೆಯಲು 50 ವಾಟ್ ಹೀಟರ್‌ಗೆ, ಗಾಳಿಗೆ ಹೋಗುವ ಶಾಖವನ್ನು ಲೆಕ್ಕಿಸದಿದ್ದರೂ, ಒಂದೂಮುಕ್ಕಾಲು ಗಂಟೆ ಬೇಕು. ಮೂರು ಡಿಗ್ರಿಗೆ ಮೂರೂವರೆ ಗಂಟೆ. ಹೀಟರ್ ಇದೆಯಲ್ಲ, ಅದೇ ಬಿಸಿ ಮಾಡಿಕೊಳ್ಳುತ್ತದೆ ಎನ್ನುವವರು ಈ ಮೂರೂವರೆ ಗಂಟೆ ಮೀನು ಚಳಿಯಲ್ಲಿರುತ್ತದೆ ಎಂಬುದನ್ನು ನೆನೆಯಬೇಕು. ನೀರಿನ ಸರಾಸರಿ ಅಷ್ಟೇ ಇಳಿದರೂ, ಸುರಿಯುವ ಜಾಗದಲ್ಲಿರುವ ಮೀನಿಗೆ ತಗಲುವುದು 20 ಡಿಗ್ರಿಯ ನೀರೇ. ಹೀಗೆ ಚಳಿ ಹಿಡಿದ ಮೀನಿನ ರೋಗನಿರೋಧಕ ಶಕ್ತಿ ಕುಗ್ಗಿ, ಕೆಲವು ದಿನಗಳಲ್ಲಿ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ.

ಪರಿಹಾರ ಅಡುಗೆಮನೆಯಲ್ಲೇ ಇದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಊರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 20 ಡಿಗ್ರಿಯ 11.5 ಲೀಟರ್ ನೀರಿಗೆ ಅಂಥ ಕುದಿನೀರು ಒಂದು ಲೀಟರ್ ಬೆರೆಸಿದರೆ ಬಕೆಟ್ 26ಕ್ಕೆ ಬರುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಅಥವಾ ಕೆಟಲ್‌ನಲ್ಲಿ ಕಾಯಿಸಿ, ಬಕೆಟ್ಟಿಗೆ ಸುರಿದು ಚೆನ್ನಾಗಿ ಕಲಕಿ, ಎರಡು ನಿಮಿಷ ಬಿಟ್ಟು ಥರ್ಮಾಮೀಟರ್ ನೋಡಿ. ಕುದಿನೀರು ಬಕೆಟ್ಟಿಗೆ ಮಾತ್ರ, ಟ್ಯಾಂಕಿಗೆ ಎಂದೂ ನೇರವಾಗಿ ಬೀಳಬಾರದು.

ಗೀಸರ್, ಸೋಲಾರ್ ಅಥವಾ ಇಮ್ಮರ್ಷನ್ ರಾಡ್ ಬಳಸಬಹುದೇ?

ಗೀಸರ್ ಮತ್ತು ಸೋಲಾರ್ ನೀರು ಲೋಹದ ತೊಟ್ಟಿ, ಕೊಳವೆಗಳಲ್ಲಿ ಬಿಸಿಯಾಗಿ ನಿಂತಿರುತ್ತದೆ. ಅಲ್ಲಿ ತಾಮ್ರ ಇದ್ದರೆ ಅದರ ಅಂಶ ನೀರಿಗೆ ಬರುತ್ತದೆ. ಸೀಗಡಿ ಮತ್ತು ಬಸವನಹುಳುಗಳಿಗೆ ತೀರಾ ಸ್ವಲ್ಪ ತಾಮ್ರವೂ ಮಾರಕ. ಸ್ನಾನದ ಬಕೆಟ್ಟಿನಲ್ಲಿ ಸೋಪಿನ ಅಂಶವೂ ಇರುತ್ತದೆ. ಅಕ್ವೇರಿಯಂಗೆಂದೇ ಒಂದು ಬಕೆಟ್, ಒಂದು ಚೊಂಬು ಎತ್ತಿಡಿ, ಫಿನಾಯಿಲ್ ಹಾಕಿ ನೆಲ ಒರೆಸುವ ಬಕೆಟ್ಟಿಗೆ ಅದು ತಾಗದಿರಲಿ.

ಇಮ್ಮರ್ಷನ್ ರಾಡ್ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಈ ಕೆಲಸಕ್ಕೆ ಬೇಡ. 1000, 1500 ವಾಟ್‌ನ ರಾಡ್ ಬಕೆಟ್ಟಿನಲ್ಲಿರುವಾಗಲೇ ಬೆಚ್ಚಗಾಯಿತೇ ಎಂದು ನೋಡಲು ಬೆರಳು ಅದ್ದಿ ಪ್ರಾಣ ಕಳೆದುಕೊಂಡವರಿದ್ದಾರೆ, ಮತ್ತು ಅಕ್ವೇರಿಯಂಗೆ ಬೇಕಾದದ್ದು ಪದೇ ಪದೇ ಮುಟ್ಟಿ ನೋಡಬೇಕೆನ್ನಿಸುವ ಉಗುರುಬೆಚ್ಚಗಿನ ನೀರೇ.

ತಿಂಗಳುಗಟ್ಟಲೆ ನೀರು ಬದಲಿಸಿಲ್ಲ. ಈಗ ಒಂದೇ ಸಲ ಅರ್ಧ ಬದಲಿಸಲೇ?

ಬೇಡ. ಬಹುಕಾಲ ಬಿಟ್ಟ ಟ್ಯಾಂಕಿನ ನೀರು ಆಮ್ಲೀಯವಾಗಿರುತ್ತದೆ. ಅಂಥ ನೀರಿನಲ್ಲಿ ತ್ಯಾಜ್ಯದ ಹೆಚ್ಚಿನ ಭಾಗ ಅಷ್ಟಾಗಿ ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಪಿಹೆಚ್ 7ರಲ್ಲಿ ವಿಷಕಾರಿ ಅಮೋನಿಯಾ ಶೇ 1ಕ್ಕಿಂತ ಕಡಿಮೆ, ಪಿಹೆಚ್ 8ರಲ್ಲಿ ಅದೇ ತ್ಯಾಜ್ಯದ ಶೇ 5, 6ರಷ್ಟು ವಿಷವಾಗುತ್ತದೆ. ನೀರು ಬೆಚ್ಚಗಿದ್ದಷ್ಟೂ ಇನ್ನೂ ಹೆಚ್ಚು. ಇದರ ಮೇಲೆ ಕ್ಷಾರೀಯ ಬೋರ್‌ವೆಲ್ ನೀರನ್ನು ಅರ್ಧ ಟ್ಯಾಂಕ್ ಸುರಿದರೆ, ಸ್ವಚ್ಛಗೊಳಿಸುವ ಉದ್ದೇಶದಿಂದಲೇ ಮೀನುಗಳಿಗೆ ವಿಷ ಉಣಿಸಿದಂತಾಗುತ್ತದೆ. ಒಂದು ದಿನ ಬಿಟ್ಟು ಒಂದು ದಿನ ಶೇ 10ರಂತೆ ಎರಡು ವಾರ ಬದಲಿಸಿ, ಆಮೇಲೆ ವಾರದ ಕ್ರಮಕ್ಕೆ ಬನ್ನಿ.

ಫಿಲ್ಟರನ್ನೂ ಅದೇ ದಿನ ತೊಳೆಯಬಹುದೇ?

ಸ್ಪಾಂಜನ್ನು ಸೈಫನ್ನಿನಿಂದ ತೆಗೆದ ಹಳೆಯ ನೀರಿನಲ್ಲೇ ಎರಡು ಮೂರು ಸಲ ಹಿಂಡಿ, ನಲ್ಲಿಯ ಕೆಳಗೆ ಹಿಡಿಯಬೇಡಿ. ಅದು ಬೆಳ್ಳಗಾಗಬೇಕಿಲ್ಲ, ಕಂದು ಬಣ್ಣ ಉಳಿಯಲಿ. ತಳದ ಕಲ್ಲುಗಳನ್ನು ಆಳವಾಗಿ ಸೈಫನ್ ಮಾಡಿದ ವಾರ ಫಿಲ್ಟರ್ ಮುಟ್ಟದಿರುವುದು ಒಳ್ಳೆಯದು.

ಹೊಸ ನೀರನ್ನು ಹೇಗೆ ಸುರಿಯಬೇಕು?

ನಿಧಾನವಾಗಿ, ತಳದಲ್ಲಿಟ್ಟ ಒಂದು ತಟ್ಟೆಯ ಮೇಲೆ ಅಥವಾ ಅಂಗೈ ಮೇಲೆ ಬೀಳುವಂತೆ, ಚೊಂಬಿನಿಂದ. ಬಕೆಟ್ಟನ್ನು ಎತ್ತಿ ಒಮ್ಮೆಗೇ ಬಗ್ಗಿಸಿದರೆ ಮರಳು ಕದಡುತ್ತದೆ, ಸೊಂಟವೂ ಹಿಡಿಯುತ್ತದೆ. ಕೈಗೆ ಸೋಪು, ಸ್ಯಾನಿಟೈಸರ್, ಸೊಳ್ಳೆ ಕ್ರೀಮು ಹಚ್ಚಿರಬಾರದು. ಸೈಫನ್ ಶುರು ಮಾಡಲು ಬಾಯಿಯಿಂದ ಎಳೆಯುವ ಬದಲು ಕೊಳವೆಯನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ, ತುಂಬಿದ ಮೇಲೆ ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹೊರಗೆ ಇಳಿಸಿ.

ಹೀಟರ್ ಮತ್ತೆ ಯಾವಾಗ ಹಾಕಬೇಕು?

ನೀರು ಹೀಟರ್‌ನ ಕನಿಷ್ಠ ಗುರುತನ್ನು ದಾಟಿ ತುಂಬಿ, 15, 20 ನಿಮಿಷ ಕಳೆದ ಮೇಲೆ. ಅಷ್ಟು ಹೊತ್ತಿನಲ್ಲಿ ಗಾಜು ಮತ್ತು ಅದರೊಳಗಿನ ಥರ್ಮೋಸ್ಟಾಟ್ ಎರಡೂ ನೀರಿನ ಉಷ್ಣಾಂಶಕ್ಕೆ ಹೊಂದಿಕೊಳ್ಳುತ್ತವೆ. ನೆಲ ಒರೆಸಿ, ಕೈ ಒಣಗಿಸಿಕೊಂಡು ಮೊದಲು ಫಿಲ್ಟರ್ ಹಾಕಿ, ನೀರು ಹರಿಯುತ್ತಿರುವುದನ್ನು ಕಂಡ ಮೇಲೆ ಹೀಟರ್ ಹಾಕಿ. ಹೀಟರ್ ಹಾಕಲು ಮರೆಯುವುದು ಒಡೆಯುವಷ್ಟೇ ಸಾಮಾನ್ಯ ತಪ್ಪು. ಕಿತ್ತ ಪ್ಲಗ್ಗಿನ ಜೊತೆ ನಿಮ್ಮ ಫೋನನ್ನೂ ಮೇಜಿನ ಮೇಲಿಟ್ಟರೆ, ಫೋನ್ ಎತ್ತಿಕೊಳ್ಳುವಾಗ ನೆನಪಾಗುತ್ತದೆ.

ನೀರು ಬದಲಿಸಿದ ಮೇಲೆ ಮೀನು ವಿಚಿತ್ರವಾಗಿ ವರ್ತಿಸುತ್ತಿದೆ. ಏನು ಮಾಡಲಿ?

ರೆಕ್ಕೆ ಮುದುಡಿ ತಳದಲ್ಲಿ ಕೂತಿದ್ದರೆ ಚಳಿ ಹಿಡಿದಿರಬಹುದು. ಮೊದಲು ಥರ್ಮಾಮೀಟರ್ ನೋಡಿ. ಉಷ್ಣಾಂಶ ಇಳಿದಿದ್ದರೆ ಗಾಬರಿಯಿಂದ ಬಿಸಿನೀರು ಸುರಿಯಬೇಡಿ, ಹೀಟರ್ ಗಂಟೆಗೆ ಒಂದು ಡಿಗ್ರಿ ಮೀರದಂತೆ ಏರಿಸಲಿ. ಮೇಲ್ಮೈಯಲ್ಲಿ ಬಾಯಿ ಬಿಡುತ್ತಿದ್ದರೆ, ಗಾಜಿಗೆ ಢಿಕ್ಕಿ ಹೊಡೆಯುವಂತೆ ಓಡುತ್ತಿದ್ದರೆ, ಕ್ಲೋರಿನ್ ಇದೆ ಎಂದೇ ಭಾವಿಸಿ ಇಡೀ ಟ್ಯಾಂಕಿನ ಅಳತೆಗೆ ಆಂಟಿ ಕ್ಲೋರಿನ್ ಹಾಕಿ ಏರ್ ಪಂಪನ್ನು ಜೋರಾಗಿಡಿ. ಲೈಟ್ ಆರಿಸಿ, ಆ ದಿನ ಆಹಾರ ಬೇಡ.

ಬೇಸಿಗೆಯಲ್ಲೂ ಇಷ್ಟೆಲ್ಲ ಬೇಕೇ?

ಏಪ್ರಿಲ್‌ನಲ್ಲಿ ತೊಂದರೆ ತಿರುಗುಮುರುಗಾಗುತ್ತದೆ. ಬಿಸಿಲಿಗೆ ಕಾದ ಮಹಡಿ ಟ್ಯಾಂಕಿನ ನೀರು ಮಧ್ಯಾಹ್ನ ಅಕ್ವೇರಿಯಂಗಿಂತ ಬಿಸಿಯಿರುತ್ತದೆ, ಆದ್ದರಿಂದ ಬೆಳಿಗ್ಗೆಯೇ ನೀರು ಹಿಡಿದಿಟ್ಟುಕೊಳ್ಳಿ. ಹೀಟರ್ ಕೆಲಸ ಮಾಡದೆ ಸುಮ್ಮನಿದ್ದರೂ ಪ್ಲಗ್ ಕೀಳುವ ನಿಯಮದಲ್ಲಿ ಬದಲಾವಣೆಯಿಲ್ಲ. ಗೋಲ್ಡ್ ಫಿಶ್ ಇರುವ ಟ್ಯಾಂಕಿಗಂತೂ ಬೆಂಗಳೂರಿನ ಹವೆಯಲ್ಲಿ ಯಾವ ಕಾಲದಲ್ಲೂ ಹೀಟರ್ ಅಗತ್ಯವಿಲ್ಲ.

ತೆಗೆದ ನೀರನ್ನು ಏನು ಮಾಡಲಿ?

ಚರಂಡಿಗೆ ಚೆಲ್ಲಬೇಡಿ. 2024ರ ಮಾರ್ಚ್‌ನಲ್ಲಿ ನೀರಿಗೆ ಬರ ಬಂದಾಗ ಕುಡಿಯುವ ನೀರನ್ನು ಕಾರು ತೊಳೆಯಲು, ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತ್ತು. ಆ ಬೇಸಿಗೆಯಲ್ಲಿ ನಮ್ಮ ಬಾಲ್ಕನಿಯ ತುಳಸಿ, ಕರಿಬೇವು, ದೊಡ್ಡಪತ್ರೆ ಉಳಿದದ್ದು ವಾರಕ್ಕೊಂದು ಬಕೆಟ್ ಅಕ್ವೇರಿಯಂ ನೀರಿನಿಂದ. ನೈಟ್ರೇಟ್ ಗಿಡಕ್ಕೆ ಗೊಬ್ಬರವೇ. ಟ್ಯಾಂಕಿಗೆ ಉಪ್ಪು ಅಥವಾ ಔಷಧ ಹಾಕಿದ ವಾರಗಳಲ್ಲಿ ಮಾತ್ರ ಆ ನೀರನ್ನು ಗಿಡಗಳಿಗೆ, ಅದರಲ್ಲೂ ಎಲೆ ಕಿತ್ತು ಅಡುಗೆಗೆ ಹಾಕುವ ಗಿಡಗಳಿಗೆ, ಹಾಕದೆ ಶೌಚಾಲಯಕ್ಕೆ ಸುರಿಯಿರಿ.